ಹಲ್ಲು ಇರುವಾಗಲೇ ಹಲ್ಲಿನ ಚಿಂತೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮ ವ್ಯಾಪಾರಿ ಮನೆತನಗಳಿಗೆ ಹೇಳಿ ಮಾಡಿಸಿದಂತಿದೆ. ಹರೆಯದಲ್ಲಿ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದರೆ ರಾತ್ರಿ ಲೆಕ್ಕ ಮುಗಿಯುವವರೆಗೆ ಪುರುಸೊತ್ತಿಲ್ಲ. ಐವತ್ತು ದಾಟಿ ಮಕ್ಕಳು ಗಲ್ಲೆಯ ಮೇಲೆ ಕುಳಿತು, ಇನ್ನು ನೆಮ್ಮದಿಯಿಂದ ನಾಲ್ಕು ತುತ್ತು ಉಣ್ಣೋಣವೆಂದರೆ ದವಡೆ ಹಲ್ಲುಗಳು ಅಲ್ಲಾಡತೊಡಗಿರುತ್ತವೆ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಯುತ್ತದೆ, ಶೇಂಗಾ ಪುಡಿಯಾಗಿ ಬರುತ್ತದೆ. ಇದು ವಯಸ್ಸಿನ ಧರ್ಮವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಹಲ್ಲು ಬೀಳುವುದು ವಯಸ್ಸಿನಿಂದಲ್ಲ, ರೋಗದಿಂದ. ಆ ರೋಗಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ತಡೆಯಬಹುದು. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ಇಪ್ಪತ್ತು ಮೂವತ್ತು ರೂಪಾಯಿಯ ಒಂದು ಬ್ರಷ್.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಿಂದ ರಾಯದುರ್ಗ, ಮಡಕಶಿರಾವರೆಗೆ, ಕಾಸರಗೋಡು, ವಯನಾಡಿನವರೆಗೆ ಹಂಚಿಹೋಗಿರುವ ನಮ್ಮ ಕುಟುಂಬಗಳ ಊಟ, ನೀರು, ಅಭ್ಯಾಸಗಳು ಒಂದೇ ಬಗೆಯವಲ್ಲ. ಆದ್ದರಿಂದ ಬಾಯಿಯ ತೊಂದರೆಗಳೂ ಊರಿನಿಂದ ಊರಿಗೆ ಬೇರೆ. ಎಲ್ಲರಿಗೂ ಅನ್ವಯಿಸುವ ಮಾತನ್ನು ಮೊದಲು ನೋಡಿ, ಆಮೇಲೆ ಆಯಾ ಸೀಮೆಯ ಮಾತಿಗೆ ಬರೋಣ.

ಬಟ್ಟೆ ವ್ಯಾಪಾರಿ ಕಂಡ ಜೀವಲೋಕ

ಹಲ್ಲಿನ ಮೇಲೆ ಕಟ್ಟುವ ಬಿಳಿಯ ಲೋಳೆಯನ್ನು ಮೊದಲು ಪರೀಕ್ಷಿಸಿ ನೋಡಿದವನು ವೈದ್ಯನಲ್ಲ, ಒಬ್ಬ ಬಟ್ಟೆ ವ್ಯಾಪಾರಿ ಎಂದರೆ ನಮ್ಮವರಿಗೆ ಸಂತೋಷವಾದೀತು. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೀವೆನ್‌ಹುಕ್ ತಾನೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. 1683ರಲ್ಲಿ ತನ್ನ ಹಲ್ಲಿನ ಸಂದಿಯ ಲೋಳೆಯನ್ನು ಕೆರೆದು, ಶುದ್ಧ ನೀರಿನಲ್ಲಿ ಕಲಸಿ ನೋಡಿದಾಗ ಅದರಲ್ಲಿ ಅಸಂಖ್ಯ ಸಣ್ಣ ಜೀವಿಗಳು ಓಡಾಡುವುದು ಕಂಡಿತು. ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಪತ್ರ ಬರೆದು ತಿಳಿಸಿದ. ತಾನು ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲು ಉಜ್ಜುವವನೆಂದೂ, ಆದರೂ ತನ್ನೊಬ್ಬನ ಬಾಯಿಯಲ್ಲಿರುವ ಜೀವಿಗಳು ತನ್ನ ದೇಶದ ಜನಸಂಖ್ಯೆಗಿಂತ ಹೆಚ್ಚೆಂದೂ ಆ ಪತ್ರದಲ್ಲಿದೆ.

ಕಣ್ಣಿಗೆ ಕಾಣದ ಜೀವರಾಶಿಯ ಮಾತು ನಮಗೆ ಹೊಸದಲ್ಲ. ಒದ್ದೆ ನಿಂತಲ್ಲಿ, ಎಂಜಲು ಉಳಿದಲ್ಲಿ ಜೀವೋತ್ಪತ್ತಿಯಾಗುತ್ತದೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ನೀರು ಸೋಸುವುದು, ಪಾತ್ರೆ ಒರೆಸಿಡುವುದು, ಉಳಿದ ಅನ್ನವನ್ನು ಮರುದಿನಕ್ಕೆ ಇಡದಿರುವುದು ಎಲ್ಲವೂ ಈ ಯತ್ನಾಚಾರದ ಭಾಗವೇ. ಅದೇ ಎಚ್ಚರ ಬಾಯಿಗೂ ಬೇಕು. ಹಲ್ಲಿನ ಮೇಲಿನ ಲೋಳೆಯಲ್ಲಿರುವ ಜೀವಾಣುಗಳು ನಾವು ತಿಂದ ಸಕ್ಕರೆ, ಹಿಟ್ಟಿನ ಅಂಶವನ್ನು ಆಮ್ಲವಾಗಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸಿದಾಗ ಹುಳುಕು ಆರಂಭವಾಗುತ್ತದೆ. ಲೋಳೆ ಒಸಡಿನ ಅಂಚಿನಲ್ಲಿ ನಿಂತು ಗಟ್ಟಿಯಾದರೆ ಗಾರೆಯಾಗುತ್ತದೆ. ಒಸಡು ಊದಿ, ರಕ್ತ ಒಸರಿ, ಕ್ರಮೇಣ ಹಲ್ಲನ್ನು ಹಿಡಿದಿರುವ ಎಲುಬೇ ಸವೆಯುತ್ತದೆ. ಗಾರೆ ಕಟ್ಟಿದ ಮೇಲೆ ಬ್ರಷ್ ಕೆಲಸ ಮಾಡದು. ಅದನ್ನು ದಂತವೈದ್ಯರೇ ತೆಗೆಯಬೇಕು. ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಮುನಿಗಳ ನಿಯಮ, ಗೃಹಸ್ಥರ ನಿಯಮ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಅವರು ಹಲ್ಲುಜ್ಜುವುದಿಲ್ಲ, ನಾವೇಕೆ ಇಷ್ಟು ಉಪಚಾರ ಮಾಡಬೇಕು ಎಂದು ಕೇಳುವವರು ಮನೆಗಳಲ್ಲಿ ಇದ್ದಾರೆ. ಅದೇ ಪಟ್ಟಿಯಲ್ಲಿ ಏಕಭುಕ್ತವೂ ಇದೆ ಎಂಬುದನ್ನು ಅವರಿಗೆ ನೆನಪಿಸಬೇಕು. ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸಿ, ರಸತ್ಯಾಗ ಮಾಡಿ, ಉಳಿದ ಹೊತ್ತು ಬಾಯಿಗೆ ಏನನ್ನೂ ಹಾಕದವರ ನಿಯಮವದು. ದಿನಕ್ಕೆ ಎಂಟು ಬಾರಿ ಚಹಾ, ನಡುನಡುವೆ ಚುರುಮುರಿ, ಚಕ್ಕುಲಿ, ಪೇಡೆ ತಿನ್ನುವ ಗೃಹಸ್ಥನು ಆ ನಿಯಮದ ಒಂದು ಸಾಲನ್ನು ಮಾತ್ರ ಆರಿಸಿಕೊಳ್ಳುವುದು ಸಲ್ಲದು. ಗೃಹಸ್ಥನಿಗೆ ದೇಹಶುದ್ಧಿ ಕರ್ತವ್ಯವೇ.

ನಮ್ಮ ಆಚರಣೆಯಲ್ಲಿ ಹಲ್ಲಿಗೆ ಬಲು ಅನುಕೂಲವಾದ ಒಂದು ಸಂಗತಿಯಿದೆ. ಅದು ರಾತ್ರಿಭೋಜನ ತ್ಯಾಗ. ನಿದ್ರೆಯಲ್ಲಿ ಲಾಲಾರಸ ಬಹಳ ಕಡಿಮೆಯಾಗುತ್ತದೆ. ಆಮ್ಲವನ್ನು ತೊಳೆದು ಹಲ್ಲನ್ನು ಕಾಯುವುದು ಈ ಲಾಲಾರಸವೇ. ಆದ್ದರಿಂದ ಎಂಜಲು ಬಾಯಿಯಲ್ಲೇ ಮಲಗಿದರೆ ಹಾನಿ ಹೆಚ್ಚು. ಸೂರ್ಯಾಸ್ತಕ್ಕೆ ಮೊದಲು ಉಂಡು, ಕೂಡಲೇ ಬಾಯಿ ಮುಕ್ಕಳಿಸಿ, ತುಸು ಹೊತ್ತಿನ ನಂತರ ಹಲ್ಲುಜ್ಜಿದರೆ ಮರುದಿನ ಬೆಳಗಿನವರೆಗೆ ಬಾಯಿ ಸ್ವಚ್ಛವಾಗಿ ಉಳಿಯುತ್ತದೆ. ಸೂರ್ಯಾಸ್ತದ ನಂತರ ನೀರನ್ನೂ ಬಿಟ್ಟವರು ಹೊತ್ತು ಮುಳುಗುವ ಮೊದಲೇ ಇದನ್ನು ಮುಗಿಸಿಕೊಳ್ಳಬಹುದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಬೇಗ ಉಂಡು, ಮಲಗುವಾಗ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೆಯೇ ಮಲಗುವ ರೂಢಿಯಿದೆ. ಅಲ್ಲಿಗೆ ಬಂದ ಲಾಭವೆಲ್ಲ ಖರ್ಚಾಯಿತು.

ದಶಲಕ್ಷಣ, ಅಷ್ಟಾಹ್ನಿಕದ ದಿನಗಳಲ್ಲಿ ಉಪವಾಸ ಮಾಡುವವರಿಗೆ ಬಾಯಿ ಒಣಗುತ್ತದೆ, ಉಸಿರಿನಲ್ಲಿ ಒಂದು ಬಗೆಯ ವಾಸನೆ ಬರುತ್ತದೆ. ದೇಹ ತನ್ನ ಕೊಬ್ಬನ್ನು ಉರಿಸಿಕೊಳ್ಳುವಾಗ ಬರುವ ವಾಸನೆ ಅದು. ಪೇಸ್ಟಿನಿಂದ ಹೋಗದು, ಪಾರಣೆಯ ನಂತರ ತಾನೇ ಹೋಗುತ್ತದೆ. ವ್ರತದ ನಿಯಮ ಅನುಮತಿಸಿದರೆ ಪೇಸ್ಟಿಲ್ಲದ ಮೆತ್ತನೆಯ ಬ್ರಷ್, ನಾಲಿಗೆ ಹೆರೆಯುವ ಪಟ್ಟಿ ಸಾಕು. ಪಾರಣೆಯಲ್ಲಿ ಬೆಲ್ಲದ ನೀರು, ನಿಂಬೆಯ ಪಾನಕ ಕುಡಿದ ಮೇಲೆ ಸಾದಾ ನೀರಿನಿಂದ ಮುಕ್ಕಳಿಸಬೇಕು. ಹುಳಿ ಸೇವಿಸಿದ ಕೂಡಲೇ ಬ್ರಷ್ ಹಿಡಿಯಬಾರದು. ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಅರ್ಧ ಗಂಟೆ ತಡೆದು ಉಜ್ಜಿದರೆ ಒಳ್ಳೆಯದು.

ಬ್ರಷ್ ಬಂದ ದಾರಿ

ನಮ್ಮ ಅಜ್ಜಂದಿರು ಬ್ರಷ್ ಎಂದರೆ ಮೂಗು ಮುರಿಯುತ್ತಿದ್ದರು, ಬೇವಿನ ಕಡ್ಡಿ, ಜಾಲಿಯ ಕಡ್ಡಿ ಬಿಡುತ್ತಿರಲಿಲ್ಲ. ಅದರಲ್ಲಿ ಅರ್ಥವಿತ್ತು. ಹಿಂದಿನ ಬ್ರಷ್‌ಗಳ ಕೂದಲು ಹಂದಿಯದು, ಹಿಡಿಕೆ ಹಲವು ಸಲ ಎಲುಬಿನದು. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ನೈಲಾನ್ ಎಳೆಗಳಿಂದ ಮಾಡಿದ ಬ್ರಷ್ ಮಾರುಕಟ್ಟೆಗೆ ಬಂದ ಮೇಲೆ ಈ ಸಂಕಟ ತಪ್ಪಿತು. ಈಗ ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಬ್ರಷ್‌ಗಳೆಲ್ಲ ನೈಲಾನಿನವೇ. 'ಪ್ರಕೃತಿ ಸಹಜ' ಎಂಬ ಹೆಸರಿನಲ್ಲಿ ಹಂದಿಗೂದಲಿನ ಬ್ರಷ್‌ಗಳೂ ಹೊರದೇಶಗಳಲ್ಲಿ ತಯಾರಾಗುತ್ತವೆ. ಆದ್ದರಿಂದ ದುಬಾರಿ ಬ್ರಷ್ ಕೊಳ್ಳುವವರು ಪೊಟ್ಟಣದ ಮೇಲಿನ ಬರಹ ಓದಿ ಕೊಳ್ಳಬೇಕು. ಪೇಸ್ಟಿನಲ್ಲಿ ಬಳಸುವ ಗ್ಲಿಸರಿನ್ ಸಸ್ಯದಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹಸಿರು ಚುಕ್ಕೆಯಿರುವ ಪೇಸ್ಟ್‌ಗಳು ದೊರೆಯುತ್ತವೆ, ಅವನ್ನೇ ಆರಿಸಿಕೊಳ್ಳಬಹುದು.

ಬ್ರಷ್ ಕೊಳ್ಳುವಾಗ 'ಸಾಫ್ಟ್' ಎಂದು ಬರೆದಿರುವುದನ್ನು ಕೊಳ್ಳಿ. ಗಟ್ಟಿ ಕೂದಲಿನಿಂದ ಗಸಗಸ ಉಜ್ಜಿದರೆ ಹಲ್ಲು ಹೊಳೆಯುತ್ತದೆಂಬುದು ತಾಮ್ರದ ಪಾತ್ರೆಯ ಲೆಕ್ಕ. ಹಲ್ಲಿನಲ್ಲಿ ಹಾಗೆ ಮಾಡಿದರೆ ಒಸಡು ಹಿಂದೆ ಸರಿದು, ಬೇರಿನ ಬಳಿ ಕುಳಿ ಬಿದ್ದು, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಹೊರಬದಿ, ಒಳಬದಿ, ಅಗಿಯುವ ಬದಿ ಮೂರನ್ನೂ ಮುಗಿಸಲು ಎರಡು ನಿಮಿಷ ಬೇಕು. ನಾವು ಹೆಚ್ಚಿನವರು ಅರ್ಧ ನಿಮಿಷಕ್ಕೇ ಬಾಯಿ ತೊಳೆದು ಏಳುತ್ತೇವೆ. ದಿನಕ್ಕೆ ಎರಡು ಬಾರಿ, ಅದರಲ್ಲಿ ಒಂದು ಸಾಯಂಕಾಲ ಅಥವಾ ಮಲಗುವ ಮೊದಲು ಇರಲೇಬೇಕು.

ಬ್ರಷ್ಷಿಗೂ ಶುಚಿ ಬೇಕು

ಬಾಯಿ ತೊಳೆಯುವ ಬ್ರಷ್ಷನ್ನು ಯಾರೂ ತೊಳೆಯುವುದಿಲ್ಲ. ಕೂಡು ಕುಟುಂಬದ ಮನೆಯಲ್ಲಿ ಕನ್ನಡಿಯ ಕೆಳಗಿನ ಒಂದು ಸ್ಟೀಲ್ ಲೋಟದಲ್ಲಿ ಎಂಟು ಹತ್ತು ಬ್ರಷ್‌ಗಳು ತಲೆಗೆ ತಲೆ ತಾಗಿಸಿ ನಿಂತಿರುತ್ತವೆ. ಲೋಟದ ತಳದಲ್ಲಿ ಪೇಸ್ಟು ಕಲೆತ ನೀರು ನಿಂತಿರುತ್ತದೆ. ಒಬ್ಬರ ಬಾಯಿಯ ಜೀವಾಣು ಇನ್ನೊಬ್ಬರ ಬ್ರಷ್ಷಿಗೆ ಹೋಗಲು ಇದಕ್ಕಿಂತ ಸುಲಭದ ದಾರಿ ಬೇಡ. ಕುಡಿಯುವ ಲೋಟವನ್ನು ಎಂಜಲು ಮಾಡದ ಮನೆಯಲ್ಲೇ ಹೀಗಾಗುತ್ತದೆ.

ಉಪಾಯ ಸರಳ. ಉಜ್ಜಿದ ಮೇಲೆ ಹರಿಯುವ ನೀರಿನ ಕೆಳಗೆ ಬ್ರಷ್ಷನ್ನು ಹೆಬ್ಬೆರಳಿನಿಂದ ಮೀಟಿ ಪೇಸ್ಟು, ಎಂಜಲು ಹೋಗುವಂತೆ ತೊಳೆಯಬೇಕು. ಕೊಡವಿ ನೀರು ಹಾರಿಸಬೇಕು. ತಲೆ ಮೇಲಾಗಿ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವಲ್ಲಿ ನಿಲ್ಲಿಸಬೇಕು. ಒಣಗಿದ ಬ್ರಷ್ಷಿನಲ್ಲಿ ಜೀವಾಣು ಬೆಳೆಯುವುದು ಕಷ್ಟ. ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ ಮುಚ್ಚಿಟ್ಟರೆ ಶುಚಿಯೆಂದು ತಿಳಿಯುವುದು ಬೇಡ, ಒದ್ದೆ ಒಳಗೇ ಉಳಿದು ಬೆಳವಣಿಗೆಗೆ ಅನುಕೂಲವಾಗುತ್ತದೆ. ಟೊಪ್ಪಿಗೆ ಯಾತ್ರೆಗೆ ಮಾತ್ರ. ಶ್ರವಣಬೆಳಗೊಳಕ್ಕೋ ಶಿಖರಜಿಗೋ ಹೋದಾಗ ಧರ್ಮಶಾಲೆ ಮುಟ್ಟಿದ ಕೂಡಲೇ ಬ್ರಷ್ಷನ್ನು ಚೀಲದಿಂದ ಹೊರತೆಗೆದು ಗಾಳಿಗಿಡಿ. ಶೌಚಾಲಯವೂ ಬಚ್ಚಲೂ ಒಂದೇ ಆಗಿರುವ ಹೊಸ ಮನೆಗಳಲ್ಲಿ ಬ್ರಷ್ ಕಮೋಡಿನಿಂದ ದೂರವಿರಲಿ, ನೀರು ಬಿಡುವ ಮೊದಲು ಮುಚ್ಚಳ ಮುಚ್ಚಿರಲಿ.

ಗಂಡಹೆಂಡತಿಯಾದರೂ, ತಾಯಿಮಕ್ಕಳಾದರೂ ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು. ಒಸಡಿನಿಂದ ರಕ್ತ ಬರುವವರ ಬ್ರಷ್ಷಿನಿಂದ ರಕ್ತದ ಮೂಲಕ ಹರಡುವ ರೋಗಗಳೂ ದಾಟಬಹುದು. ಮನೆಗೆಲ್ಲ ಒಂದೇ ಪೇಸ್ಟಿದ್ದರೆ ಟ್ಯೂಬಿನ ಬಾಯಿ ಬ್ರಷ್ಷಿಗೆ ತಾಗದಂತೆ ಹಾಕಿಕೊಳ್ಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಾಗಬೇಕು. ಕೂದಲು ಅರಳಿ ಹರಡಿಕೊಂಡಿದ್ದರೆ ಅದಕ್ಕೂ ಮೊದಲೇ. ಯುಗಾದಿಗೊಂದು, ಪರ್ವಕ್ಕೊಂದು, ದೀಪಾವಳಿಯ ಹೊಸ ಖಾತೆಗೊಂದು, ಸಂಕ್ರಾಂತಿಗೊಂದು ಎಂದು ಲೆಕ್ಕವಿಟ್ಟರೆ ಮರೆಯುವುದಿಲ್ಲ. ನಿವೃತ್ತ ಬ್ರಷ್ ಹೊಲಿಗೆ ಯಂತ್ರವನ್ನೋ ತಕ್ಕಡಿಯ ಸಂದಿಯನ್ನೋ ಉಜ್ಜಲಿ, ನಮ್ಮ ಅಡ್ಡಿಯಿಲ್ಲ. ಮತ್ತೆ ಬಾಯಿಗೆ ಬರಬಾರದು.

ಗಲ್ಲೆಯ ಚಹಾ

ಸಕ್ಕರೆ ಎಷ್ಟು ತಿಂದೆವು ಎನ್ನುವುದರಷ್ಟೇ ಎಷ್ಟು ಸಲ ತಿಂದೆವು ಎನ್ನುವುದೂ ಹಲ್ಲಿಗೆ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆಮ್ಲ ಏಳುತ್ತದೆ. ಲಾಲಾರಸ ಅದನ್ನು ಸಮಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಬಂದ ಗಿರಾಕಿಗೆಲ್ಲ ಚಹಾ ತರಿಸಿ ತಾನೂ ಗುಟುಕರಿಸುವ ಅಡತಿ ವ್ಯಾಪಾರಿಯ ಬಾಯಿ ಬೆಳಗಿನಿಂದ ಸಂಜೆಯವರೆಗೆ ಆಮ್ಲದಲ್ಲೇ ಇರುತ್ತದೆ. ಊಟದ ಜೊತೆ ಒಂದು ಹೋಳಿಗೆ ತಿಂದವನಿಗಿಂತ ಅವನ ಹಲ್ಲಿಗೆ ಹಾನಿ ಹೆಚ್ಚು. ಸಕ್ಕರೆಯಿಲ್ಲದ ಚಹಾ ರೂಢಿಸಿಕೊಳ್ಳಿ, ಆಗದಿದ್ದರೆ ಕುಡಿದ ಮೇಲೆ ಒಂದು ಗುಟುಕು ನೀರಿನಿಂದ ಮುಕ್ಕಳಿಸಿ. ಸಕ್ಕರೆ ಕಾಯಿಲೆಯಿರುವವರು ಇನ್ನೂ ಎಚ್ಚರದಿಂದಿರಬೇಕು. ಮಧುಮೇಹದಿಂದ ಒಸಡಿನ ರೋಗ ಉಲ್ಬಣಿಸುತ್ತದೆ, ಒಸಡಿನ ರೋಗದಿಂದ ರಕ್ತದ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ರಾಯದುರ್ಗ, ಮಡಕಶಿರಾ ಸೀಮೆಯ ನೀರು

ಅನಂತಪುರದ ಸೀಮೆಯಲ್ಲಿ, ತೆಲಂಗಾಣದ ಹಲವು ಭಾಗಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತದಲ್ಲಿ ಈ ತೊಂದರೆ ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಭಾರತೀಯ ಮಾನಕದಂತೆ 1 ಮಿಲಿಗ್ರಾಂ ಒಳಗಿದ್ದರೆ ಉತ್ತಮ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹುಟ್ಟುವ ಹಲ್ಲಿನಲ್ಲೇ ಸುಣ್ಣದ ಬಣ್ಣದ ಚುಕ್ಕೆ, ಕಂದು ಪಟ್ಟೆ ಬರುತ್ತವೆ.

ಇಲ್ಲಿ ನಮ್ಮ ಮನೆಗಳು ತಿಳಿಯಲೇಬೇಕಾದ ಮಾತೊಂದಿದೆ. ನಾವು ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ, ಕಾಯಿಸಿ ಕುಡಿಯುತ್ತೇವೆ. ಜೀವದಯೆಗೂ, ಹೊಟ್ಟೆಯ ರೋಗಗಳಿಂದ ರಕ್ಷಣೆಗೂ ಇದು ಉತ್ತಮ. ಆದರೆ ನೀರಿನಲ್ಲಿ ಕರಗಿದ ಫ್ಲೋರೈಡನ್ನು ಬಟ್ಟೆ ಹಿಡಿಯದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅದರ ಪ್ರಮಾಣ ತುಸು ಏರುತ್ತದೆಯೇ ಹೊರತು ಇಳಿಯದು. ಆದ್ದರಿಂದ ಕೊಳವೆ ಬಾವಿಯ ನೀರನ್ನು ಸರಕಾರಿ ನೀರು ಪರೀಕ್ಷಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ನದಿ ಮೂಲದ ನಲ್ಲಿ ನೀರು, ಮಳೆನೀರು, ಆರ್.ಒ. ಯಂತ್ರದ ನೀರು ಬಳಸಬಹುದು. ಪಟಿಕ, ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ 'ನಲಗೊಂಡ ವಿಧಾನ'ವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ. ಅದಕ್ಕೆ ಪ್ರಮಾಣ ತಿಳಿದವರ ಸಹಾಯ ಬೇಕು.

ಈ ಸೀಮೆಯ ಹೆಣ್ಣುಮಕ್ಕಳ ಹಲ್ಲಿನ ಕಂದು ಬಣ್ಣ ನೋಡಿ ಹಲ್ಲುಜ್ಜದವಳೆಂದು ಸಂಬಂಧ ನೋಡಲು ಬಂದವರು ಮುಖ ತಿರುಗಿಸಿದ ಪ್ರಸಂಗಗಳು ನಮ್ಮ ಕಿವಿಗೆ ಬಿದ್ದಿವೆ. ಅದು ಹುಡುಗಿಯ ಆಲಸ್ಯದ ಗುರುತಲ್ಲ, ಊರಿನ ನೆಲದ ಗುರುತು. ಇಟ್ಟಿಗೆ ಪುಡಿ, ಇದ್ದಿಲು, ಮರಳು ಹಾಕಿ ಎಷ್ಟು ತಿಕ್ಕಿದರೂ ಆ ಕಲೆ ಹೋಗದು, ಹಲ್ಲು ಸವೆಯುವುದೊಂದೇ ಫಲ. ಬಣ್ಣ ಸರಿಪಡಿಸುವ ಚಿಕಿತ್ಸೆ ದಂತವೈದ್ಯರಲ್ಲಿದೆ. ಫ್ಲೋರೈಡ್ ಪೇಸ್ಟ್ ಹುಳುಕು ತಡೆಯಲು ಉಪಯುಕ್ತವೇ. ಆದರೆ ಅದನ್ನು ಉಗುಳಬೇಕು, ನುಂಗಬಾರದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಕ್ಕಳ ಪೇಸ್ಟಿನ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಲಿ. ಮಕ್ಕಳ ಬಗ್ಗೆ ಇನ್ನೊಂದು ಮಾತು: ಆರನೆಯ ವರ್ಷಕ್ಕೆ ಹಿಂದೆ ಮೂಡುವ ದವಡೆ ಹಲ್ಲು ಹಾಲುಹಲ್ಲಲ್ಲ. ಬಿದ್ದು ಮತ್ತೆ ಬರುತ್ತದೆಂದು ಅದರ ಹುಳುಕನ್ನು ಅಲಕ್ಷ್ಯ ಮಾಡಿದರೆ ಜೀವಮಾನಕ್ಕೆ ಒಂದು ಹಲ್ಲು ಹೋಯಿತು.

ಮಿಶ್ರಿ, ಅಡಿಕೆ, ಪೊಟ್ಟಣ

ಸೊಲ್ಲಾಪುರ, ಜತ್ತದ ಕಡೆ ತಂಬಾಕನ್ನು ಹುರಿದು ಕರಿಯಾಗಿ ಪುಡಿ ಮಾಡಿದ ಮಿಶ್ರಿಯಿಂದ ಹಲ್ಲು ತಿಕ್ಕುವ ರೂಢಿ ಹೆಂಗಸರಲ್ಲಿ ಹಿಂದಿನಿಂದ ಇದೆ. ಹಲ್ಲುನೋವಿಗೆಂದು ಆರಂಭವಾಗಿ ದಿನಕ್ಕೆ ನಾಲ್ಕೈದು ಸಲಕ್ಕೆ ಏರುತ್ತದೆ. ಮನೆಯವರು ಇದನ್ನು ಮಂಜನವೆಂದೇ ತಿಳಿದಿರುತ್ತಾರೆ, ಚಟವೆಂದು ತಿಳಿಯುವುದಿಲ್ಲ. ಬಸುರಿಯಲ್ಲಿ ಗರ್ಭದ ಶಿಶುವಿಗೂ ಇದರಿಂದ ಅಪಾಯ. ಹಲ್ಲಿನ ಪೇಸ್ಟು, ಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಮನೆಯಲ್ಲೇ ಹುರಿದುಕೊಳ್ಳುವ ಮಿಶ್ರಿಯನ್ನು ಕಾನೂನು ಬಂದು ತಡೆಯಲಾರದು. ಸೊಸೆಯರು ಅತ್ತೆಯರಿಗೆ ಮೆಲ್ಲಗೆ ತಿಳಿಹೇಳಬೇಕಾದ ಮಾತಿದು.

ಅಡಿಕೆಯ ಮಾತು ಕಹಿ. ಕಾಸರಗೋಡಿನ ಕಡೆ ಅಡಿಕೆ ತೋಟಗಳೇ ಬಾಳಿಗೆ ಆಧಾರ. ಆದರೂ ಹೇಳದೆ ವಿಧಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಯದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವರ್ಗೀಕರಿಸಿದೆ. ದಿನವೂ ಅಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ತಾಗಿದರೆ ಉರಿ, ತುತ್ತು ಹಿಡಿಯದ ಬಾಯಿ. ಈ ಸ್ಥಿತಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು.

ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಪೊಟ್ಟಣಗಳು ಎರಡಾದವು: ಪಾನ್ ಮಸಾಲೆಯದೊಂದು, ತಂಬಾಕಿನದೊಂದು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ನಾವು ನೀರುಳ್ಳಿ, ಬೆಳ್ಳುಳ್ಳಿ ಬಿಟ್ಟೆವು, ಕಂದಮೂಲ ಬಿಟ್ಟೆವು, ರಾತ್ರಿಯ ಊಟ ಬಿಟ್ಟೆವು. ಆದರೆ ಅಂಗಡಿಯಲ್ಲಿ ಕುಳಿತ ನಮ್ಮ ಹುಡುಗನ ಕೆನ್ನೆ ಉಬ್ಬಿರುವುದನ್ನು ಕಂಡೂ ಕಾಣದಂತಿರುತ್ತೇವೆ. ಸಸ್ಯಾಹಾರದ ಲೆಕ್ಕದಲ್ಲಿ ಅದು ಸಸ್ಯವೇ ತಾನೆ ಎಂಬ ಸಮಾಧಾನ ಬೇರೆ. ಇನ್ನು ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಪೊಟ್ಟಣಗಳ ಮಾತು. ಅದರಲ್ಲಿ ಲಾಭವಿದೆ, ಗಿರಾಕಿ ಅದಕ್ಕಾಗಿಯೇ ಬಂದು ಬೇರೆ ಸಾಮಾನನ್ನೂ ಒಯ್ಯುತ್ತಾನೆ, ಎಲ್ಲವೂ ನಿಜ. ಹಿಂಸೆಯ ಉದ್ಯೋಗ ಬೇಡವೆಂದು ಎಷ್ಟೋ ಲಾಭದ ವ್ಯವಹಾರಗಳನ್ನು ಬಿಟ್ಟುಬಂದ ಸಮಾಜ ನಮ್ಮದು. ಶಾಲೆಯ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ತೂಗುವ ಈ ಸರಕು ಆ ಪಟ್ಟಿಯಲ್ಲಿ ಎಲ್ಲಿ ಬರಬೇಕೆಂದು ಪ್ರತಿಯೊಂದು ಮನೆಯೂ ತಾನೇ ಯೋಚಿಸಲಿ.

ಕನ್ನಡಿಯ ಮುಂದೆ ಒಂದು ನಿಮಿಷ

ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿಯೊಳಗೆ ನೋಡಿಕೊಳ್ಳಿ. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಆರಂಭದಲ್ಲಿ ನೋವಿರುವುದಿಲ್ಲ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಲಾಗದಿದ್ದರೆ ಅದೂ ಎಚ್ಚರಿಕೆಯೇ. ಬೇಗ ಗುರುತಿಸಿದ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಫಲಿಸುವ ಸಂಭವ ಬಹಳ ಹೆಚ್ಚು.

ಮನೆಯವರೆಲ್ಲ ನೆನಪಿಡಬೇಕಾದದ್ದು

* ಮೆತ್ತನೆಯ ಬ್ರಷ್, ದಿನಕ್ಕೆ ಎರಡು ಬಾರಿ, ಎರಡೆರಡು ನಿಮಿಷ.
* ಉಜ್ಜಿದ ಮೇಲೆ ಬ್ರಷ್ ತೊಳೆದು, ಕೊಡವಿ, ನಿಲ್ಲಿಸಿ ಒಣಗಿಸುವುದು. ಲೋಟದ ತಳದಲ್ಲಿ ನೀರು ನಿಲ್ಲಬಾರದು.
* ಒಬ್ಬರಿಗೆ ಒಂದೇ ಬ್ರಷ್. ಮೂರು ನಾಲ್ಕು ತಿಂಗಳಿಗೆ ಹೊಸದು.
* ನಾಲಿಗೆಯನ್ನು ಮೆಲ್ಲಗೆ ಹೆರೆಯುವುದು. ಹಲ್ಲಿನ ಸಂದಿಗೆ ಗುಂಡುಸೂಜಿ ಹಾಕದೆ ದಂತದಾರ ಬಳಸುವುದು.
* ನೋಯುವ ಹಲ್ಲಿಗೆ ತಂಬಾಕು, ಮಾತ್ರೆಯ ಪುಡಿ ಒತ್ತಬಾರದು. ಒಸಡು ಸುಡುತ್ತದೆ.
* ಹಿರಿಯರ ಕಟ್ಟುಹಲ್ಲನ್ನು ರಾತ್ರಿ ತೆಗೆದು, ಉಜ್ಜಿ, ಶುದ್ಧ ನೀರಿನಲ್ಲಿಡುವುದು.
* ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸುವುದು, ನೋವಿಲ್ಲದಿದ್ದರೂ.

ವ್ಯಾಪಾರದಲ್ಲಿ ಮೂಲಧನವನ್ನು ಕರಗಿಸಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮೂವತ್ತೆರಡು ಹಲ್ಲುಗಳೂ ಮೂಲಧನವೇ, ಮತ್ತೆ ಸಾಲ ಎತ್ತಲು ಬಾರದ ಮೂಲಧನ. ಈ ಸಂಚಿಕೆ ಓದಿ ಮುಗಿಸಿದ ಮೇಲೆ ಬಚ್ಚಲಿಗೆ ಹೋಗಿ ಆ ಸ್ಟೀಲ್ ಲೋಟವನ್ನೊಮ್ಮೆ ಎತ್ತಿ ನೋಡಿರಿ.